‘ಹುಷಾರು’ ಎಂಬುದು ಬೀಗವಲ್ಲ

ನಮ್ಮ ನಾಡಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸುರಕ್ಷಾ ಸಾಧನ ಯಾವುದು ಎಂದು ಯಾರಾದರೂ ನನ್ನನ್ನು ಕೇಳಿದರೆ, ‘ಹುಷಾರು’ ಎಂಬ ಮೂರಕ್ಷರದ ಪದವೆಂದು ಹೇಳಿಬಿಡುತ್ತೇನೆ. ಅದಕ್ಕೆ ಹಣ ಬೇಕಿಲ್ಲ, ಬೆಸುಗೆ ಬೇಕಿಲ್ಲ, ಎಣ್ಣೆ ಬಿಡಬೇಕಿಲ್ಲ. ಬಾಯಿಯೊಂದಿದ್ದರೆ ಸಾಕು. ಅಪಾಯ ಸಂಭವಿಸುವ ಮೊದಲು ‘ಹುಷಾರಾಗಿರು’ ಎನ್ನುತ್ತೇವೆ. ಸಂಭವಿಸಿದ ಮೇಲೆ ‘ಹುಷಾರಾಗಿರಬೇಕಿತ್ತು’ ಎನ್ನುತ್ತೇವೆ. ಈ ಎರಡು ವಾಕ್ಯಗಳ ನಡುವೆ ಗಾಯಗೊಂಡವನೇ ಅಪರಾಧಿಯಾಗಿಬಿಡುತ್ತಾನೆ. ಕೈಕೊಟ್ಟ ಸಲಕರಣೆ ಮಾತ್ರ ಯಾವ ಆರೋಪವೂ ಇಲ್ಲದೆ ತನ್ನ ಮೂಲೆಯಲ್ಲಿ ನಿಂತಿರುತ್ತದೆ. ಮರುದಿನ ಮತ್ತೊಬ್ಬ ಹುಡುಗ ಅದೇ ಸಲಕರಣೆಯ ಮುಂದೆ ನಿಲ್ಲುತ್ತಾನೆ.

ಈ ಅಭ್ಯಾಸವು ತಪ್ಪು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅದನ್ನು ಒಂದು ಹಳೆಯ ಎಂಜಿನ್ ಸ್ಟ್ಯಾಂಡಿನ ಉದಾಹರಣೆಯಿಂದ ವಿವರಿಸಲು ಇಲ್ಲಿ ಪ್ರಯತ್ನಿಸುತ್ತೇನೆ. ‘ಮೇಷ್ಟ್ರು ನಿವೃತ್ತರಾದ ಮೇಲೆ ಗ್ಯಾರೇಜು ಸೇರಿದರೇ’ ಎಂದು ನಗುವವರು ನಗಲಿ. ಹತ್ತನೆಯ ತರಗತಿಯವರೆಗಿನ ಭೌತಶಾಸ್ತ್ರವು ಪರೀಕ್ಷೆಯ ಹಾಳೆಗಿಂತ ಗ್ಯಾರೇಜಿನಲ್ಲಿಯೇ ಹೆಚ್ಚು ಜೀವಂತವಾಗಿರುತ್ತದೆಂದು ನಾನು ಬಹುಕಾಲದಿಂದ ನಂಬಿದ್ದೇನೆ.

ಮೊದಲು ಈ ವಸ್ತುವಿನ ಪರಿಚಯವಾಗಲಿ. ನಮ್ಮ ಬಂಧುಗಳಲ್ಲಿ ಅನೇಕರು ಇದನ್ನು ನೋಡಿರಲಾರರು. ಕಾರು ಅಥವಾ ಜೀಪಿನ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ ದುರಸ್ತಿ ಮಾಡಬೇಕಾದಾಗ ಅದನ್ನು ಚೈನ್ ಪುಲ್ಲಿಯಿಂದ ಎತ್ತಿ ಹೊರತೆಗೆಯುತ್ತಾರೆ. ನೆಲದ ಮೇಲಿಟ್ಟು ಕೆಲಸ ಮಾಡುವುದು ಬೆನ್ನಿಗೂ ಕಷ್ಟ, ಧೂಳಿನಿಂದಾಗಿ ಎಂಜಿನ್ನಿಗೂ ಕೆಡುಕು. ಆದುದರಿಂದ ಅದನ್ನು ಚಕ್ರಗಳುಳ್ಳ ಒಂದು ಉಕ್ಕಿನ ಸ್ಟ್ಯಾಂಡಿಗೆ ತೂಗುಹಾಕುತ್ತಾರೆ. ಸ್ಟ್ಯಾಂಡಿನ ಕಂಬದ ತುದಿಯಲ್ಲಿ ಒಂದು ದಪ್ಪ ಕೊಳವೆ ಇರುತ್ತದೆ. ಅದರೊಳಗೆ ಮತ್ತೊಂದು ಕೊಳವೆ ಸೇರಿಕೊಂಡು ತಿರುಗುತ್ತದೆ. ಒಳಗೊಳವೆಯ ಮುಂದಿನ ತಟ್ಟೆಗೆ ನಾಲ್ಕು ತೋಳುಗಳು. ಎಂಜಿನ್ನಿಗೆ ಗೇರ್‌ಬಾಕ್ಸ್ ಕೂಡುವ ಹಿಂಬದಿಯನ್ನು ಆ ತೋಳುಗಳಿಗೆ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಹೀಗೆ ಒಂದೇ ಬದಿಯ ಆಧಾರದ ಮೇಲೆ ಎಂಜಿನ್ನು ಗಾಳಿಯಲ್ಲಿ ನಿಲ್ಲುತ್ತದೆ. ಸಿಲಿಂಡರ್ ಹೆಡ್ ಬಿಚ್ಚುವಾಗ ನೆಟ್ಟಗೆ, ಕ್ರ್ಯಾಂಕ್‌ಶಾಫ್ಟ್ ತೆಗೆಯುವಾಗ ತಲೆಕೆಳಗಾಗಿ, ಹೇಗೆ ಬೇಕೋ ಹಾಗೆ ಅದನ್ನು ತಿರುಗಿಸಿಕೊಳ್ಳಬಹುದು. ಅದರ ಪ್ರಯೋಜನವೆಲ್ಲ ಈ ತಿರುಗುವಿಕೆಯಲ್ಲಿಯೇ ಇದೆ, ಅಪಾಯವೂ ಅಲ್ಲಿಯೇ ಇದೆ. ನಾವು ಬಯಸಿದಾಗ ತಿರುಗುವ ವಸ್ತುವು ನಾವು ಬಯಸದಿದ್ದಾಗಲೂ ತಿರುಗಬಲ್ಲದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಗ್ಯಾರೇಜು ನಡೆಸುತ್ತಾನೆ. ಹಳೆಯ ಜೀಪುಗಳಿಗೂ, ಪ್ರೀತಿಯಿಂದ ಇನ್ನೂ ಉಳಿಸಿಕೊಂಡಿರುವ ಅಂಬಾಸಿಡರ್ ಕಾರುಗಳಿಗೂ ಸುತ್ತಲಿನವರು ಅವನನ್ನೇ ಅರಸಿ ಬರುತ್ತಾರೆ. ಅಂಬಾಸಿಡರ್ ತಯಾರಿಕೆ 2014ರಲ್ಲಿಯೇ ನಿಂತುಹೋದುದರಿಂದ ಇಂಥ ಕೈಗಳಿಗೆ ಬೆಲೆ ಹೆಚ್ಚಿದೆ. ಅವನ ಬಳಿ ಇರುವ ಎಂಜಿನ್ ಸ್ಟ್ಯಾಂಡು ಹಳೆಯದು, ಮತ್ತೊಂದು ಗ್ಯಾರೇಜು ಮುಚ್ಚಿದಾಗ ಕೊಂಡದ್ದು. ಒಳಗೊಳವೆ ತಿರುಗದಂತೆ ತಡೆಯಲು ಅದಕ್ಕಿದ್ದುದು ಪಕ್ಕದಿಂದ ಒತ್ತುವ ಒಂದೇ ಬೋಲ್ಟು. ಕಳೆದ ವರ್ಷ ಒಂದು ಸಂಜೆ, ತಲೆಕೆಳಗಾಗಿ ನಿಲ್ಲಿಸಿದ್ದ ಎಂಜಿನ್ನು ಇದ್ದಕ್ಕಿದ್ದಂತೆ ಮಗುಚಿಕೊಂಡಿತು. ಕೆಲಸಕ್ಕಿದ್ದ ಯುವಕನ ಎರಡು ಬೆರಳುಗಳು ತೋಳಿಗೂ ಎಂಜಿನ್ನಿಗೂ ನಡುವೆ ಸಿಕ್ಕಿಕೊಂಡವು. ಒಂದು ಬೆರಳು ಮತ್ತೆ ಪೂರ್ತಿಯಾಗಿ ಮಡಚುವುದಿಲ್ಲವೆಂದು ವೈದ್ಯರು ಹೇಳಿದರಂತೆ. ಸ್ಪ್ಯಾನರ್ ಹಿಡಿದು ಬದುಕುವವನಿಗೆ ಒಂದು ಬೆರಳೆಂದರೇನು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

“ಸಾರ್, ದಿನಕ್ಕೆ ನೂರು ಸಲ ಹೇಳ್ತೀನಿ, ಹುಷಾರಾಗಿರ್ರೋ ಅಂತ. ಕೇಳೋದಿಲ್ಲ ಈಗಿನ ಹುಡುಗರು,” ಎಂದ ನನ್ನ ವಿದ್ಯಾರ್ಥಿ. ಅವನ ಕಣ್ಣಿನಲ್ಲಿ ನಿಜವಾದ ನೋವಿತ್ತು. ಆಸ್ಪತ್ರೆಯ ಖರ್ಚನ್ನೂ ಅವನೇ ಭರಿಸಿದ್ದ. “ನೂರು ಸಲ ಹೇಳಬೇಕಾಗಿ ಬಂದರೆ ಕೇಳುವವನಲ್ಲಿ ಅಲ್ಲಪ್ಪ, ಆ ಸ್ಟ್ಯಾಂಡಿನಲ್ಲಿ ಏನೋ ಕೊರತೆ ಇದೆ. ಬಾ, ಅದನ್ನೇ ನೋಡೋಣ,” ಎಂದೆ. ಅಂದು ನಾವಿಬ್ಬರೂ ಕುಳಿತು ಮಾಡಿದ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತರಗತಿಯಲ್ಲಿ ಕುಳಿತಿದ್ದವರು ಪೆನ್ಸಿಲು ಹಿಡಿದು ಜೊತೆಗೆ ಬರಬೇಕೆಂದು ಕೋರಿಕೆ.

ಎಂಜಿನ್ನಿನ ತೂಕವನ್ನು ಲೆಕ್ಕಕ್ಕೆಂದು 150 ಕಿಲೋಗ್ರಾಂ ಎಂದುಕೊಳ್ಳೋಣ. ಅದರ ಗುರುತ್ವ ಕೇಂದ್ರವು ತಿರುಗುವ ಅಕ್ಷದ ಮೇಲೆಯೇ ಇದ್ದಲ್ಲಿ ಎಂಜಿನ್ನು ಯಾವ ಕೋನದಲ್ಲಿಟ್ಟರೂ ಹಾಗೆಯೇ ನಿಂತೀತು. ಆದರೆ ಹಾಗಿರುವುದು ಅಪರೂಪ. ಗುರುತ್ವ ಕೇಂದ್ರವು ಅಕ್ಷದಿಂದ ಕೇವಲ 5 ಸೆಂಟಿಮೀಟರ್ ಆಚೆ ಇದೆಯೆಂದು ಭಾವಿಸಿದರೆ, ಎಂಜಿನ್ನು ಪಕ್ಕಕ್ಕೆ ವಾಲಿದ ಸ್ಥಿತಿಯಲ್ಲಿ ಅದನ್ನು ತಿರುಗಿಸುವ ಬಲದ ಭ್ರಾಮಕವು 150 × 9.8 × 0.05, ಅಂದರೆ ಸುಮಾರು 73 ನ್ಯೂಟನ್-ಮೀಟರ್. ಐದು ಸೆಂಟಿಮೀಟರ್ ಎಂದರೆ ಮೂರು ಬೆರಳಿನ ಅಗಲ, ಅಷ್ಟೇ.

ಗುರುತ್ವ ಕೇಂದ್ರವು ಅಕ್ಷದ ಕೆಳಗಿದ್ದರೆ ಅದು ಸ್ಥಿರ ಸಮತೋಲನ. ಅಲುಗಾಡಿಸಿದರೂ ತೊಟ್ಟಿಲಿನಂತೆ ಮರಳಿ ತನ್ನ ಜಾಗಕ್ಕೆ ಬರುತ್ತದೆ. ಅದೇ ಎಂಜಿನ್ನನ್ನು ತಲೆಕೆಳಗು ಮಾಡಿದಾಗ ಕೆಳಗಿದ್ದ ಕೇಂದ್ರವು ಅಕ್ಷದ ಮೇಲಕ್ಕೆ ಹೋಗುತ್ತದೆ. ಅದು ಅಸ್ಥಿರ ಸಮತೋಲನ. ಆ ಕ್ಷಣದಲ್ಲಿ ತಿರುಗಿಸುವ ಭ್ರಾಮಕವು ಸೊನ್ನೆಯಾಗಿರುವುದರಿಂದ ಎಂಜಿನ್ನು ಬಹಳ ಸಾಧುವಾಗಿ ನಿಂತಂತೆ ತೋರುತ್ತದೆ. ಸ್ವಲ್ಪ ವಾಲಿದೊಡನೆ ಭ್ರಾಮಕ ಬೆಳೆಯುತ್ತದೆ, ಬೆಳೆದಷ್ಟೂ ಇನ್ನಷ್ಟು ವಾಲಿಸುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ದುರಸ್ತಿ ಎಂದರೆ ಭಾಗಗಳನ್ನು ಒಂದೊಂದಾಗಿ ಕಳಚುವುದು. ಮೇಲಿನ ಸಿಲಿಂಡರ್ ಹೆಡ್ ತೆಗೆದರೆ ಗುರುತ್ವ ಕೇಂದ್ರವು ಕ್ರ್ಯಾಂಕ್‌ಶಾಫ್ಟಿನ ಕಡೆಗೆ ಸರಿಯುತ್ತದೆ. ಕ್ರ್ಯಾಂಕ್‌ಶಾಫ್ಟ್ ತೆಗೆದರೆ ಮತ್ತೆ ಇನ್ನೊಂದು ಕಡೆಗೆ. ಬೆಳಿಗ್ಗೆ ಸಮತೂಕವಾಗಿ ನಿಂತಿದ್ದ ಎಂಜಿನ್ನು ಸಂಜೆಗೆ ಬೇರೆಯೇ ಎಂಜಿನ್ನಾಗಿರುತ್ತದೆ. ‘ಇಷ್ಟು ಹೊತ್ತು ಸರಿಯಾಗಿಯೇ ಇತ್ತಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ.

ಇನ್ನು ಕೆಲಸಗಾರನ ಬಲವನ್ನೂ ಸೇರಿಸಬೇಕು. ಬಿಗಿದುಹೋದ ಬೋಲ್ಟನ್ನು ಸಡಿಲಿಸಲು ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಅಕ್ಷದಿಂದ ಅರ್ಧ ಮೀಟರ್ ದೂರದಲ್ಲಿ 30 ಕಿಲೋ ಭಾರದಷ್ಟು ಒತ್ತಿದರೆ ಇನ್ನೂ 147 ನ್ಯೂಟನ್-ಮೀಟರ್. ಎರಡೂ ಒಂದೇ ದಿಕ್ಕಿನಲ್ಲಿ ಸೇರಿದಾಗ ಒಟ್ಟು ಸುಮಾರು 220.

ಇದನ್ನು ತಡೆಯಬೇಕಾದ ಆ ಒಂಟಿ ಬೋಲ್ಟಿನ ಗತಿಯನ್ನು ನೋಡೋಣ. ಒಳಗೊಳವೆಯ ತ್ರಿಜ್ಯ 3 ಸೆಂಟಿಮೀಟರ್ ಎಂದುಕೊಂಡರೆ, ಎಂಜಿನ್ನಿನ ಭಾರವೊಂದನ್ನು ತಡೆಯಲಿಕ್ಕೇ ಕೊಳವೆಯ ಮೈಮೇಲೆ ಸುಮಾರು 2,450 ನ್ಯೂಟನ್ ಘರ್ಷಣಾ ಬಲ ಬೇಕು. ಘರ್ಷಣಾ ಗುಣಾಂಕ 0.15 ಎಂದಿಟ್ಟು, ಬೋಲ್ಟಿನ ತುದಿಯಲ್ಲಿಯೂ ಎದುರಿನ ಗೋಡೆಯಲ್ಲಿಯೂ ಘರ್ಷಣೆ ದೊರೆಯುತ್ತದೆಂದು ಲೆಕ್ಕ ಹಿಡಿದರೂ, ಬೋಲ್ಟು 800 ಕಿಲೋ ಭಾರಕ್ಕಿಂತ ಹೆಚ್ಚಾಗಿ ಒತ್ತಬೇಕು. ಎಂಜಿನ್ನಿನ ಭಾರದಿಂದಲೇ ಕೊಳವೆಯಲ್ಲಿ ಒಂದಿಷ್ಟು ಘರ್ಷಣೆ ಹುಟ್ಟಿ ಸಹಾಯ ಮಾಡುವುದುಂಟು, ನಿಜ. ಆದರೆ ಗ್ಯಾರೇಜಿನಲ್ಲಿ ಎಣ್ಣೆ ಬೀಳದ ಜಾಗವಾದರೂ ಯಾವುದು? ಎಣ್ಣೆ ಇಳಿದೊಡನೆ ಗುಣಾಂಕವು ಕುಸಿಯುತ್ತದೆ, ಬೇಕಾದ ಒತ್ತಡ ಏರುತ್ತದೆ. ಬೋಲ್ಟಿನ ಮರೆಗಳು ವರ್ಷಗಳಿಂದ ಸವೆದಿರುತ್ತವೆ. ಸ್ಪ್ಯಾನರಿನ ಬಲವೂ ಸೇರಿದರೆ ಆ ಬೋಲ್ಟು ಸೋಲದಿರುವುದೇ ಆಶ್ಚರ್ಯ.

ಈಗ ಬೇರೊಂದು ದಾರಿ. ಅಕ್ಷದಿಂದ 10 ಸೆಂಟಿಮೀಟರ್ ದೂರದಲ್ಲಿ 12 ಮಿಲಿಮೀಟರ್ ದಪ್ಪದ ಉಕ್ಕಿನ ಪಿನ್ನೊಂದನ್ನು ತಟ್ಟೆಯ ರಂಧ್ರದೊಳಗೆ ತೂರಿಸಿದೆವೆನ್ನಿ. 220 ನ್ಯೂಟನ್-ಮೀಟರನ್ನು 0.1ರಿಂದ ಭಾಗಿಸಿದರೆ ಪಿನ್ನಿನ ಮೇಲೆ ಬೀಳುವುದು 2,200 ನ್ಯೂಟನ್. ಪಿನ್ನಿನ ಅಡ್ಡಕೊಯ್ತದ ವಿಸ್ತೀರ್ಣ 113 ಚದರ ಮಿಲಿಮೀಟರ್. ಆದುದರಿಂದ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 20 ನ್ಯೂಟನ್. ಸಾಮಾನ್ಯ ಮೃದು ಉಕ್ಕು ಅಡ್ಡವಾಗಿ ಕತ್ತರಿಸುವ ಬಲಕ್ಕೆ ಇದರ ಆರೇಳು ಪಟ್ಟನ್ನು ಬಾಗದೆ ಸಹಿಸಬಲ್ಲದು. ಎಣ್ಣೆ ಬಿದ್ದರೂ ಪಿನ್ನು ಪಿನ್ನೇ. ಕೆಲಸಗಾರನಿಗೆ ನಿದ್ದೆ ಬಂದರೂ ಪಿನ್ನಿಗೆ ಬರುವುದಿಲ್ಲ.

ಒಂದು ಹಿಡಿತವು ಘರ್ಷಣೆಯನ್ನು ನಂಬಿದೆ, ಮತ್ತೊಂದು ಆಕಾರವನ್ನು ನಂಬಿದೆ. ಘರ್ಷಣೆ ಹೀನವಾದುದೆಂದು ನಾನು ಹೇಳುತ್ತಿಲ್ಲ. ವೀಣೆಯ ಬಿರಡೆ ನಿಲ್ಲುವುದು ಘರ್ಷಣೆಯಿಂದಲೇ. ಕೂದಲೆಳೆಯಷ್ಟು ತಿರುಗಿಸಿ ಶ್ರುತಿ ಸೇರಿಸಬೇಕಾದಲ್ಲಿ ಅದೇ ಸೂಕ್ತ. ಬಿರಡೆ ಜಾರಿದರೆ ಶ್ರುತಿ ಕೆಡುತ್ತದೆ, ಯಾರ ಕೈಯೂ ಮುರಿಯುವುದಿಲ್ಲ. ಆದರೆ ಜಾರಿದರೆ ಅಂಗ ಊನವಾಗುವ ಕಡೆ ಆಕಾರದ ಬೀಗವೇ ಇರಬೇಕು. ನಮ್ಮ ಹಿರಿಯರಿಗೆ ಇದು ತಿಳಿಯದ ವಿಷಯವಲ್ಲ. ಎತ್ತಿನ ಗಾಡಿಯ ಗಾಲಿಯು ಅಚ್ಚಿನಿಂದ ಕಳಚದಂತೆ ಅವರು ಅದನ್ನು ಬಿಗಿಯಾಗಿ ಕೂರಿಸಲಿಲ್ಲ. ಸಡಿಲವಾಗಿ ತಿರುಗಲು ಬಿಟ್ಟು ಹೊರಗೆ ಕಡಾಣಿ ಹೊಡೆದರು. ಬಾಗಿಲನ್ನು ಚೌಕಟ್ಟಿಗೆ ಒತ್ತಿ ನಿಲ್ಲಿಸಲಿಲ್ಲ, ಅಗುಳಿ ಹಾಕಿದರು.

ಆ ಸ್ಟ್ಯಾಂಡಿಗೆ ನಾವು ಮಾಡಿಸಿದ್ದು ಇಷ್ಟು. 10 ಮಿಲಿಮೀಟರ್ ದಪ್ಪದ, ಸುಮಾರು 24 ಸೆಂಟಿಮೀಟರ್ ಅಗಲದ ದುಂಡು ತಟ್ಟೆಯೊಂದನ್ನು ಲೇತ್ ಅಂಗಡಿಯಲ್ಲಿ ಕತ್ತರಿಸಿ, ಕೇಂದ್ರದಿಂದ 10 ಸೆಂಟಿಮೀಟರ್ ದೂರದ ವೃತ್ತದ ಮೇಲೆ ಮೂವತ್ತು ಮೂವತ್ತು ಡಿಗ್ರಿಗೊಂದರಂತೆ ಹನ್ನೆರಡು ರಂಧ್ರ ಕೊರೆಸಿದೆವು. ಆ ತಟ್ಟೆಯನ್ನು ತಿರುಗುವ ಕೊಳವೆಗೆ, ತೋಳುಗಳ ಹಿಂದೆ, ಸುತ್ತಲೂ ಬೆಸುಗೆ ಹಾಕಿಸಲಾಯಿತು. ತಿರುಗದ ಹೊರಗೊಳವೆಯ ಪಕ್ಕಕ್ಕೆ ಒಂದು ಗಟ್ಟಿ ತುಂಡನ್ನು ಬೆಸೆದು, ಅದರೊಳಗೆ ಪಿನ್ನು ಸರಿದಾಡುವಂತೆ ಬುಷ್ ಕೂರಿಸಿದೆವು. ಪಿನ್ನಿನ ಹಿಂದೆ ಒಂದು ಸ್ಪ್ರಿಂಗು. ಈ ಸ್ಪ್ರಿಂಗೇ ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದುದು. ಪಿನ್ನನ್ನು ಎಳೆದು ಹಿಡಿದಿರುವಷ್ಟು ಹೊತ್ತು ಮಾತ್ರ ಎಂಜಿನ್ನು ತಿರುಗುತ್ತದೆ. ಕೈ ಬಿಟ್ಟೊಡನೆ ಪಿನ್ನು ತಾನಾಗಿ ತಟ್ಟೆಗೆ ಒತ್ತಿಕೊಂಡು ಮುಂದಿನ ರಂಧ್ರಕ್ಕೆ ಬೀಳುತ್ತದೆ. ಬೀಗ ಹಾಕಲು ನೆನಪಿಡಬೇಕಾಗಿಲ್ಲ, ತೆಗೆಯಲು ಮಾತ್ರ ನೆನಪಿಡಬೇಕು. ಹಳೆಯ ಬೋಲ್ಟನ್ನೂ ಉಳಿಸಿಕೊಂಡೆವು. ಈಗ ಅದರ ಕೆಲಸ ಗಡಗಡ ಅಲುಗಾಟವನ್ನು ನಿಲ್ಲಿಸುವುದು ಮಾತ್ರ.

ಎಂಜಿನ್ನು ಏರಿಸುವ ಮೊದಲು ಪರೀಕ್ಷೆಯೂ ನಡೆಯಿತು. ತೋಳಿಗೆ ಉದ್ದವಾದ ಪೈಪನ್ನು ಅಡ್ಡಲಾಗಿ ಬಿಗಿದು, ಅಕ್ಷದಿಂದ ಒಂದು ಮೀಟರ್ ದೂರದಲ್ಲಿ 25 ಕಿಲೋ ಅಕ್ಕಿಯ ಮೂಟೆಯನ್ನು ತೂಗುಹಾಕಿದೆವು. ಅದು 245 ನ್ಯೂಟನ್-ಮೀಟರ್, ನಮ್ಮ ಲೆಕ್ಕದ 220ಕ್ಕಿಂತ ಹೆಚ್ಚು. ಬರಿಯ ಸ್ಟ್ಯಾಂಡು ಆ ಭಾರಕ್ಕೆ ಮಗುಚಿಬಿಡಬಹುದಾದುದರಿಂದ ಎದುರು ಬದಿಯ ಕಾಲಿನ ಮೇಲೆ ಕಲ್ಲುಗಳನ್ನು ಹೇರಿದ್ದೆವು. ತಟ್ಟೆ ಅಲುಗಲಿಲ್ಲ. ಇದಲ್ಲದೆ, ಎಂಜಿನ್ನು ಕಟ್ಟುವಾಗ ತೋಳುಗಳನ್ನು ಮೇಲೆ ಕೆಳಗೆ ಸರಿಸಿ ಗುರುತ್ವ ಕೇಂದ್ರವನ್ನು ಅಕ್ಷದ ಹತ್ತಿರ ತರಬೇಕೆಂಬ ನಿಯಮವನ್ನೂ ಗೋಡೆಯ ಮೇಲೆ ಬರೆಸಿದೆವು. ಈ ಕ್ರಮವನ್ನು ಗಮನಿಸಿ: ಮೊದಲು ಅಪಾಯದ ಕಾರಣವನ್ನೇ ಕುಗ್ಗಿಸುವುದು, ಆಮೇಲೆ ಬೀಗ, ಕಟ್ಟಕಡೆಗೆ ‘ಹುಷಾರು’. ನಾವು ಸಾಮಾನ್ಯವಾಗಿ ಮೂರನೆಯದನ್ನು ಮೊದಲು ಮಾಡಿ ಅಲ್ಲಿಗೇ ಮುಗಿಸುತ್ತೇವೆ.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ‘ನುರಿತ ಕೈಗೆ ಇದೆಲ್ಲ ಬೇಡ’ ಎನ್ನುವವರಿದ್ದಾರೆ. ನುರಿತ ಕೈಯೂ ದಿನದ ಕೊನೆಗೆ ದಣಿಯುತ್ತದೆ. ಮನೆಯಲ್ಲಿ ಮಗುವಿಗೆ ಜ್ವರ ಬಂದಿದ್ದರೆ ನುರಿತವನ ಮನಸ್ಸೂ ಅಲ್ಲಿರುತ್ತದೆ. ಮೇಲಾಗಿ ನುರಿತವನು ಪಕ್ಕದಲ್ಲಿ ನಿಂತ ಕಲಿಯುವವನ ಬೆರಳನ್ನು ಕಾಯಲಾರ. ‘ಬೀಗವಿದ್ದರೆ ಅಲಕ್ಷ್ಯ ಬೆಳೆಯುತ್ತದೆ’ ಎಂಬುದು ಮತ್ತೊಂದು ಮಾತು. ಅದರಲ್ಲಿ ಸ್ವಲ್ಪ ಸತ್ಯವಿದೆ. ಪಿನ್ನು ರಂಧ್ರಕ್ಕೆ ಪೂರ್ತಿಯಾಗಿ ಬಿದ್ದಿದೆಯೇ ಎಂದು ನೋಡದೆ ಕೈಯಿಡುವವನಿಗೆ, ಪಿನ್ನು ಕಳೆದುಹೋದಾಗ ಸ್ಕ್ರೂಡ್ರೈವರ್ ತೂರಿಸುವವನಿಗೆ ಬೀಗವೇ ಮೋಸವಾಗಬಹುದು. ಆದರೆ ಅದಕ್ಕೆ ಪರಿಹಾರ ಪಿನ್ನನ್ನು ಆಗಾಗ ಪರೀಕ್ಷಿಸುವುದು, ಪಿನ್ನನ್ನೇ ಬೇಡವೆನ್ನುವುದಲ್ಲ. ‘ಹೊಸದನ್ನೇ ಕೊಳ್ಳಬಾರದೇ’ ಎಂದೂ ಕೇಳುತ್ತಾರೆ. ಕೊಳ್ಳಬಹುದು. ವರ್ಮ್ ಗೇರ್ ಇರುವ ಸ್ಟ್ಯಾಂಡುಗಳಿವೆ. ಹಿಡಿ ತಿರುಗಿಸಿದರೆ ಎಂಜಿನ್ನು ನಿಧಾನವಾಗಿ ತಿರುಗುತ್ತದೆ. ಎಂಜಿನ್ನಿನ ಭಾರ ಮಾತ್ರ ಹಿಡಿಯನ್ನು ಹಿಂದಕ್ಕೆ ತಿರುಗಿಸಲಾರದು. ಶಕ್ತಿಯಿದ್ದವರು ಅದನ್ನೇ ಕೊಳ್ಳಲಿ. ಆದರೆ ‘ಹೊಸದು ಬರುವವರೆಗೆ’ ಎಂಬ ಅವಧಿ ನಮ್ಮ ಸಣ್ಣ ಗ್ಯಾರೇಜುಗಳಲ್ಲಿ ಹತ್ತು ವರ್ಷವೂ ಆಗಬಹುದು, ಆ ಹತ್ತು ವರ್ಷ ಬೆರಳುಗಳು ಕಾಯುವುದಿಲ್ಲ.

ಕಾನೂನು ನೋಡಿಕೊಳ್ಳುತ್ತದೆಂದು ಸುಮ್ಮನಿರುವಂತೆಯೂ ಇಲ್ಲ. 1948ರ ಕಾರ್ಖಾನೆಗಳ ಕಾಯ್ದೆಯು ವಿದ್ಯುತ್ ಬಳಸುವ ಘಟಕದಲ್ಲಿ ಕನಿಷ್ಠ 10 ಮಂದಿ ಕೆಲಸಗಾರರಿದ್ದರೆ ಮಾತ್ರ ಅದನ್ನು ಕಾರ್ಖಾನೆಯೆಂದು ಎಣಿಸಿತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಮೂವರು ಹುಡುಗರನ್ನಿಟ್ಟುಕೊಂಡ ಗ್ಯಾರೇಜು ಅಂದಿಗೂ ಕಾರ್ಖಾನೆಯಲ್ಲ, ಇಂದಿಗೂ ಅಲ್ಲ. ಅಲ್ಲಿಯ ಸುರಕ್ಷತೆಯು ಬಹುಮಟ್ಟಿಗೆ ಮಾಲೀಕನ ಮನಸ್ಸಾಕ್ಷಿಗೆ ಬಿಟ್ಟ ವಿಷಯ.

ಲೋಕದ ಅನುಭವವೂ ಇದನ್ನೇ ಸಾರುತ್ತದೆ. 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಎಲಿಶಾ ಓಟಿಸ್ ಎಂಬಾತನು ಎತ್ತರದ ಲಿಫ್ಟಿನ ಮೇಲೆ ತಾನೇ ನಿಂತು ಅದರ ಹಗ್ಗವನ್ನು ಕಡಿಸಿದನು. ಹಗ್ಗದ ಬಿಗಿತ ಹೋದೊಡನೆ ಸ್ಪ್ರಿಂಗು ಸಡಿಲಗೊಂಡು ಪಕ್ಕದ ಕಂಬಗಳ ಹಲ್ಲುಗಳಿಗೆ ಕಚ್ಚಿಕೊಂಡಿತು; ಲಿಫ್ಟು ನಿಂತಿತು. ‘ಹಗ್ಗವನ್ನು ಹುಷಾರಾಗಿ ನೋಡಿಕೊಳ್ಳಿ’ ಎಂದಷ್ಟೇ ಹೇಳಿದ್ದರೆ ಇಂದು ಬಹುಮಹಡಿ ಕಟ್ಟಡಗಳನ್ನು ಏರಲು ಯಾರಿಗೆ ಧೈರ್ಯವಿರುತ್ತಿತ್ತು? ರೈಲಿನ ಬ್ರೇಕೂ ಹಾಗೆಯೇ. 1872ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ರೂಪಿಸಿದ ಸ್ವಯಂಚಾಲಿತ ಬ್ರೇಕಿನಲ್ಲಿ, ಬೋಗಿಗಳು ಕಳಚಿ ಗಾಳಿಯ ಕೊಳವೆ ತುಂಡಾದರೆ ಬ್ರೇಕು ತಾನಾಗಿ ಬೀಳುತ್ತದೆ. ಕೆಟ್ಟಾಗ ನಿಲ್ಲಬೇಕೇ ಹೊರತು ಓಡಬಾರದು ಎಂಬುದು ಇವೆರಡರ ತತ್ತ್ವ. ಜಪಾನಿನ ಶಿಗಿಯೋ ಶಿಂಗೋ ಎಂಬ ಎಂಜಿನಿಯರ್ 1960ರ ದಶಕದಲ್ಲಿ ತಪ್ಪು ನಡೆಯಲಿಕ್ಕೇ ಅವಕಾಶವಿಲ್ಲದಂತೆ ಸಲಕರಣೆಗಳನ್ನು ಮಾರ್ಪಡಿಸುವ ಕ್ರಮವನ್ನು ಕಾರ್ಖಾನೆಗಳಲ್ಲಿ ಬೆಳೆಸಿದನು. ಅದಕ್ಕೆ ಮೊದಲಿದ್ದ ಹೆಸರು ‘ಬಾಕಾ-ಯೋಕೆ’, ಎಂದರೆ ಮೂರ್ಖರಿಂದ ರಕ್ಷಣೆ. ಆ ಪದವು ಕೆಲಸಗಾರರಿಗೆ ಅವಮಾನಕರವೆಂದು ಅದನ್ನು ‘ಪೋಕಾ-ಯೋಕೆ’ ಎಂದು, ಎಂದರೆ ಕಣ್ತಪ್ಪಿನಿಂದ ರಕ್ಷಣೆ ಎಂದು ಬದಲಿಸಲಾಯಿತು. ಈ ಹೆಸರಿನ ಬದಲಾವಣೆ ನನಗೆ ಯಂತ್ರಗಳಿಗಿಂತ ಪ್ರಿಯವಾದುದು. ಕಣ್ತಪ್ಪುವವನು ಮೂರ್ಖನಲ್ಲ, ಮನುಷ್ಯ.

ನಮ್ಮ ಅಡುಗೆಮನೆಯಲ್ಲಿಯೂ ಇದರ ಸಾಕ್ಷಿಯಿದೆ. ಒಳಮುಚ್ಚಳದ ಕುಕ್ಕರನ್ನು ಒಳಗೆ ಒತ್ತಡವಿರುವಾಗ ತೆರೆಯಲಾಗದು. ಆವಿಯೇ ಮುಚ್ಚಳವನ್ನು ಒಳಗಿನಿಂದ ಒತ್ತಿ ಹಿಡಿದಿರುತ್ತದೆ. ಹೊಲದಲ್ಲಿಯೂ ಇದೆ. ಒಕ್ಕಣೆ ಯಂತ್ರಗಳಿಗೆ ಸಿಕ್ಕಿ ರೈತರೂ ಕೂಲಿಗಳೂ ಕೈ ಕಳೆದುಕೊಳ್ಳುತ್ತಿದ್ದುದರಿಂದ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆಂದೇ ಕಾಯ್ದೆ ಬಂದಿತು. ತೆನೆ ಹಾಕುವ ಬಾಯಿಯು, ಕೈ ಒಳಗಿನ ಹಲ್ಲುಗಳನ್ನು ಮುಟ್ಟದಷ್ಟು ಉದ್ದವಾಗಿರಬೇಕೆಂಬ ವಿಚಾರ ಎಷ್ಟು ಸರಳ! ಆದರೂ ಅದಕ್ಕೆ ಕಾಯ್ದೆಯೇ ಬೇಕಾಯಿತು.

ಶಿಕ್ಷಕನಾಗಿ ನನ್ನದೊಂದು ಮಾತನ್ನು ಸೇರಿಸದೆ ಮುಗಿಸಲಾರೆ. ಭ್ರಾಮಕದ ಪಾಠವನ್ನು ಶಾಲೆಗಳಲ್ಲಿ ಏತದ ಆಟದ ಚಿತ್ರ ಬರೆದು ಮುಗಿಸಲಾಗುತ್ತದೆ. ವಾರ್ಧಾದಲ್ಲಿ 1937ರಲ್ಲಿಯೇ ಗಾಂಧೀಜಿಯವರು ಕೈಕೆಲಸದ ಮೂಲಕ ಶಿಕ್ಷಣ ಎಂದರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಪಠ್ಯದೊಳಗೆ ತಂದಿತು. ಆಚರಣೆಯಲ್ಲಿ ಆ ಅವಧಿ ಅನೇಕ ಕಡೆ ಅಂಗಳ ಗುಡಿಸುವುದಕ್ಕೋ, ಗಣಿತದ ಪಾಠ ಮುಗಿಸುವುದಕ್ಕೋ ಬಳಕೆಯಾಯಿತು. ವರ್ಷಕ್ಕೊಮ್ಮೆ ಮಕ್ಕಳನ್ನು ಹತ್ತಿರದ ಗ್ಯಾರೇಜಿಗೋ ಹಿಟ್ಟಿನ ಗಿರಣಿಗೋ ಕರೆದೊಯ್ದು, ‘ಇಲ್ಲಿ ಯಾವುದು ಜಾರಬಹುದು, ಜಾರಿದರೆ ಯಾರಿಗೆ ಏನಾಗಬಹುದು, ತಡೆಯುವುದು ಹೇಗೆ’ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಸಿದರೆ, ಅದು ಹತ್ತು ಅಂಕದ ಪ್ರಶ್ನೆಗಿಂತ ಹೆಚ್ಚು ಕಲಿಸೀತು. ಈಗ ಸೇವೆಯಲ್ಲಿರುವ ನನ್ನ ಶಿಷ್ಯ-ಶಿಕ್ಷಕರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಹಲವರು ಇಂದು ವರ್ಕ್‌ಶಾಪಿನ, ಅಂಗಡಿಯ, ತೋಟದ ಯಜಮಾನರಾಗಿದ್ದೀರಿ. ನಿಮ್ಮ ಮಾತು ನಂಬಿ ಕೈಯಿಡುವವರು ನಿಮ್ಮ ಬಳಿ ಇದ್ದಾರೆ. ಈ ವಾರ ಒಂದು ಕೆಲಸ ಮಾಡಿ. ನೀವು ಪದೇ ಪದೇ ‘ಹುಷಾರು’ ಎಂದು ಕೂಗುವ ಜಾಗ ಯಾವುದೆಂದು ಗುರುತಿಸಿಕೊಳ್ಳಿ. ಅಲ್ಲಿ ಒಂದು ಪಿನ್ನು, ಒಂದು ತಡೆ, ಒಂದು ಮುಚ್ಚಳ ಬೇಕಾಗಿದೆಯೇ ನೋಡಿ, ಬೇಕಾಗಿದ್ದರೆ ಈ ತಿಂಗಳೊಳಗೆ ಮಾಡಿಸಿ. ಲೆಕ್ಕದಲ್ಲಿ ಸಂದೇಹ ಬಂದರೆ ಮನೆಗೆ ಬನ್ನಿ. ಪೆನ್ಸಿಲು, ಕಾಗದ, ಒಂದು ಲೋಟ ಕಾಫಿ ಇಲ್ಲಿ ಸಿದ್ಧವಾಗಿರುತ್ತವೆ.